ಹ್ಯಾಂಡಲ್ ತಲೆ ಅಲ್ಲಾಡಿಸಿದಾಗ

ಹಿರಿಯೂರು ದಾಟಿದ ಮೇಲೆ ರಸ್ತೆ ನೇರ, ಬೈಕು ನೂರರ ಹತ್ತಿರ. ಇದ್ದಕ್ಕಿದ್ದಂತೆ ಹ್ಯಾಂಡಲ್ ಗಡಗಡ ನಡುಗತೊಡಗಿತು, ಹಟಮಾರಿ ಮಗು ತಲೆ ಅಲ್ಲಾಡಿಸಿದ ಹಾಗೆ. ಗಟ್ಟಿ ಹಿಡಿ, ಬ್ರೇಕ್ ಒತ್ತು ಅನ್ನುತ್ತದೆ ಮನಸ್ಸು. ಎರಡೂ ತಪ್ಪು. ಸೆಕೆಂಡಿಗೆ ಏಳೆಂಟು ಸಲ ಹೊಯ್ದಾಡುವುದನ್ನು ತೋಳು ತಡೆಯಲಾರದು. ಸೆಟೆದ ತೋಳಿನಿಂದ ನಡುಕ ಹೆಚ್ಚುವುದೇ ಜಾಸ್ತಿ. ಮುಂದಿನ ಬ್ರೇಕ್ ಹಿಡಿದರೆ ಭಾರವೆಲ್ಲ ಆ ನಡುಗುವ ಚಕ್ರದ ಮೇಲೇ. ಮಂಡಿಗಳಲ್ಲಿ ಟ್ಯಾಂಕ್ ಅವುಚಿ, ಮೈ ಮುಂದಕ್ಕೆ ಬಾಗಿಸಿ, ಹಿಡಿತ ಸಡಿಲಿಸಿ, ಆಕ್ಸಿಲರೇಟರ್ ಮೆಲ್ಲಗೆ ಇಳಿಸಿದೆ. ನಡುಕ ನಿಂತಿತು. (ನನ್ನದು ನಿಲ್ಲಲು ಎರಡು ಟೀ ಬೇಕಾಯಿತು.)

ಮೆಕ್ಯಾನಿಕ್ ಮುಂದಿನ ಚಕ್ರ ಎತ್ತಿ ಅಲುಗಿಸಿ ನೋಡಿದ. "ಕೋನ್‌ಸೆಟ್ ಲೂಸಾಗಿದೆ ಸಾರ್, ಹ್ಯಾಂಡಲ್ ತಿರುಗೋ ಬೇರಿಂಗು. ಅದರ ಮೇಲೆ ಹಿಂದುಗಡೆ ಇಷ್ಟು ಲಗೇಜು ಬೇರೆ!" ಟೈರಲ್ಲಿ ಗಾಳಿಯೂ ಕಮ್ಮಿ ಇತ್ತು. ಹೊರಡುವ ಮೊದಲು ನಾನು ನೋಡಿದ್ದು ಕನ್ನಡಿ ಮಾತ್ರ, ಅದೂ ಕೂದಲು ಸರಿಮಾಡಿಕೊಳ್ಳಲು.