ಕಿಲುಬು ಕಾಸಿನ ಚಕ್ರವರ್ತಿಗಳು

ನಾಣ್ಯ ಕೂಡಿಸುವವರಲ್ಲೂ ಜಾತಿಗಳಿವೆ. ಚಿನ್ನದ ಸಾಲಿಡಸ್ ಕೊಳ್ಳುವವರು ಎಲ್ಲರಿಗಿಂತ ಮೇಲೆ. ಹರಾಜಿನಲ್ಲಿ ಅವರು ಬಾಯಿ ಬಿಡುವುದಿಲ್ಲ, ಹುಬ್ಬು ಹಾರಿಸುತ್ತಾರೆ ಅಷ್ಟೆ. ಬೆಳ್ಳಿಯ ಡಿನೇರಿಯಸ್‌ನವರು ನಡುಮನೆಯವರು. ಅಗಸ್ಟಸ್, ಟ್ರಾಜನ್ ಎಂದು ಮನೆತನ ನೋಡಿಯೇ ಸಂಬಂಧ ಬೆಳೆಸುತ್ತಾರೆ. ಇವರೆಲ್ಲರ ಕೆಳಗೆ, ಜಗಲಿಯಂಚಿನಲ್ಲಿ, ನಾಲ್ಕನೆಯ ಶತಮಾನದ ರೋಮನ್ ಕಂಚಿನ ಚಿಲ್ಲರೆಗೆ ಮನಸೋತ ನಮ್ಮಂಥವರು. ಇಂಗ್ಲೆಂಡಿನ ನಾಣ್ಯಮೇಳಗಳಲ್ಲಿ ನಮ್ಮ ಸರಕಿಗೆ ಗಾಜಿನ ಪೆಟ್ಟಿಗೆಯ ಯೋಗವಿಲ್ಲ. ಮೇಜಿನ ತುದಿಯಲ್ಲೊಂದು ಐಸ್‌ಕ್ರೀಮಿನ ಖಾಲಿ ಡಬ್ಬಿ, ‘ಯಾವುದು ತೆಗೆದುಕೊಂಡರೂ ಎರಡು ಪೌಂಡ್’ ಎಂಬ ಚೀಟಿ, ಅದರ ಮೇಲೆ ಬಗ್ಗಿದ ಮೂರ್ನಾಲ್ಕು ಬೋಳುತಲೆಗಳು. ಲೋಹಶೋಧಕ ಹಿಡಿದು ಹೊಲ ಅಲೆಯುವ ಇಲ್ಲಿನವರು ಇವಕ್ಕೆ ‘ಗ್ರಾಟ್’ ಎನ್ನುತ್ತಾರೆ. ಹಾಗೆನ್ನುವಾಗ ಮೂಗು ಮುರಿಯುವುದೂ ಉಚ್ಚಾರಣೆಯ ಒಂದು ಭಾಗ.

ಅಗ್ಗವಾಗಿದ್ದಕ್ಕೇ ಇವು ಉಳಿದಿವೆ ಎನ್ನಬೇಕು. ಚಿನ್ನ ಬಿದ್ದುಹೋದರೆ ರೋಮನ್ನನೂ ದೀಪ ಹಚ್ಚಿಕೊಂಡು ಹುಡುಕಿರುತ್ತಾನೆ. ಕಂಚಿನ ಕಾಸು ಬಿದ್ದರೆ ಸೊಂಟ ಬಗ್ಗಿಸುವ ಕಷ್ಟ ಯಾರಿಗೆ ಬೇಕು? 2013ರಲ್ಲಿ ಡೆವನ್ ಪ್ರಾಂತದ ಸೀಟನ್ ಡೌನ್‌ನಲ್ಲಿ ಇಂಥ 22,888 ನಾಣ್ಯಗಳ ನಿಧಿ ಸಿಕ್ಕಿತು. ನಿಧಿ ಎಂದರೆ ನಮಗೆ ಕೊಪ್ಪರಿಗೆ, ಹೆಡೆ ಬಿಚ್ಚಿದ ಸರ್ಪ ಎಲ್ಲ ನೆನಪಾಗುತ್ತವೆ. ಇದೋ, ತಜ್ಞರ ಲೆಕ್ಕದಲ್ಲಿ ಅಷ್ಟೂ ಸೇರಿ ಆ ಕಾಲದ ಸುಮಾರು ನಾಲ್ಕು ಚಿನ್ನದ ನಾಣ್ಯಕ್ಕೆ ಸಮ. ಸರ್ಪಕ್ಕೆ ಕಾಯುವ ಉತ್ಸಾಹ ಬಂದಿರಲಾರದು.

ಮೊದಲು ಹೀಗಿರಲಿಲ್ಲ. 294ರ ಸುಮಾರಿಗೆ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ನಾಣ್ಯ ಹತ್ತು ಗ್ರಾಂ ತೂಗುತ್ತಿತ್ತು, ಮೈಮೇಲೆ ತೆಳುವಾದ ಬೆಳ್ಳಿಯ ಲೇಪವೂ ಇತ್ತು. ಆದರೂ ಬೆಲೆಗಳು ಏರುತ್ತಲೇ ಹೋದವು. 301ರಲ್ಲಿ ಅವನು ಎಲ್ಲಕ್ಕೂ ಗರಿಷ್ಠ ದರ ಗೊತ್ತುಮಾಡಿ ಶಾಸನ ಕೊರೆಸಿದ. ಕ್ಷೌರಕ್ಕೆ ತಲೆಗೆ 2 ಡಿನೇರಿಯಸ್. ಮೀರಿದವನಿಗೆ ಮರಣದಂಡನೆ, ಅಂದರೆ ತಲೆಗೆ ತಲೆ. ಸರಕು ಅಂಗಡಿಗಳಿಂದ ಮಾಯವಾಯಿತು. ನಾಣ್ಯ ಕರಗುತ್ತ ಬಂತು. 330ರ ಹೊತ್ತಿಗೆ ಕಾನ್‌ಸ್ಟಂಟೈನನ ‘ಸೇನೆಯ ಕೀರ್ತಿ’ ನಾಣ್ಯ ಎರಡೂವರೆ ಗ್ರಾಮಿಗೆ ಇಳಿದಿತ್ತು. ಅದರ ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜಸ್ತಂಭ. ಐದಾರು ವರ್ಷದಲ್ಲಿ ಮತ್ತೆ ತೂಕ ಇಳಿಸಿದರು. ಜಾಗ ಸಾಲದೆ ಸೈನಿಕರಿಬ್ಬರೂ ಒಂದೇ ಧ್ವಜಕ್ಕೆ ಹೊಂದಿಕೊಂಡರು. ಕೀರ್ತಿ ಮಾತ್ರ ಮೊದಲಿನಷ್ಟೇ! ಸರ್ಕಾರಿ ಖರ್ಚುಕಡಿತದ ಇಷ್ಟು ಪ್ರಾಮಾಣಿಕ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಡಬ್ಬಿಯಿಂದ ಆರಿಸಿ ತಂದದ್ದನ್ನು ಡಿಸ್ಟಿಲ್ಡ್ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಬೇಕು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ, ಭೂತಗನ್ನಡಿ, ಮತ್ತು ಮನೆಯವರ ಸಹನೆ. ಹದಿನೇಳು ಶತಮಾನದ ಮಣ್ಣು ಅರ್ಧ ಅಕ್ಷರ ಬಿಟ್ಟುಕೊಡಲು ಒಂದು ಸಂಜೆ ತೆಗೆದುಕೊಳ್ಳುತ್ತದೆ. ಬೇಸಿಗೆಗೆ ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಇದನ್ನು ಕೆಲವು ದಿನ ಸುಮ್ಮನೆ ನೋಡಿದರು. ಕೊನೆಗೆ ತಡೆಯಲಾರದೆ, “ಅಲ್ಲಾ ಅಳಿಯಂದ್ರೇ, ಒಂಚೂರು ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಎರಡೇ ನಿಮಿಷಕ್ಕೆ ಫಳಫಳ ಅನ್ನಲ್ವೇ?” ಎಂದರು. ಅನ್ನುತ್ತದೆ, ಅದೇ ಭಯ. ಹುಳಿ ತಾಗಿದರೆ ಮೇಲಿನ ಹಸಿರು ಪದರದ ಜೊತೆ ಚಕ್ರವರ್ತಿಯ ಮೂಗೂ ಹೋಗುತ್ತದೆ. ನಾವು ದುಡ್ಡು ಕೊಡುವುದೇ ಆ ಪದರಕ್ಕೆ ಎಂದೆ. “ಕಿಲುಬಿಗೇ?” ಎಂದರು ಅತ್ತೆ. ಅವರ ಹಜಾರದ ಕಂಚು ಹಿತ್ತಾಳೆಗಳೆಲ್ಲ ಆ ಕ್ಷಣ ಅವರ ಬೆನ್ನಿಗೆ ನಿಂತಂತಿತ್ತು. ನನ್ನ ಹೆಂಡತಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ತೊಳೆಯುವುದು ಸುಲಭದ ಕೆಲಸ. ಇದು ಯಾರದು ಎಂದು ಹೇಳುವುದೇ ತಾಪತ್ರಯ. ನಮ್ಮ ಕಡೆ ತಾತನ ಹೆಸರನ್ನು ಎಲ್ಲ ಮೊಮ್ಮಕ್ಕಳಿಗೂ ಇಟ್ಟು, ಆಮೇಲೆ ದೊಡ್ಡ ಶೀನ, ಸಣ್ಣ ಶೀನ, ಕರಿ ಶೀನ ಎಂದು ಕರೆಯುವ ಮನೆಗಳಿವೆಯಲ್ಲ, ಕಾನ್‌ಸ್ಟಂಟೈನನದೂ ಅಂಥದೇ ಮನೆ. ಅಪ್ಪ ಕಾನ್‌ಸ್ಟಾಂಟಿಯಸ್, ತಾನು ಕಾನ್‌ಸ್ಟಂಟೈನ್. ಮಕ್ಕಳು ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟನ್ಸ್. ನಾಣ್ಯದ ಮೇಲೆ ‘ಕಾನ್‌ಸ್ಟಾನ್’ ತನಕ ಸೊಗಸಾಗಿ ಉಳಿದಿರುತ್ತದೆ, ಬೇಕಾದ ಬಾಲವೇ ಸವೆದಿರುತ್ತದೆ. ಮುಖ ನೋಡಿ ಗುರುತಿಸೋಣವೆಂದರೆ ಎಲ್ಲರಿಗೂ ಅದೇ ದುಂಡು ಕಣ್ಣು, ಅದೇ ಗಲ್ಲ. ತಲೆಯ ಮೇಲೆ ಮುತ್ತಿನ ಪಟ್ಟಿಯಿದೆಯೋ ಬರೀ ಎಲೆಗಳ ಮಾಲೆಯೋ ಎಂದು ನೋಡಿ, ಪಟ್ಟಕ್ಕೆ ಬಂದವನೋ ಇನ್ನೂ ಯುವರಾಜನೋ ಎಂದು ಊಹಿಸಬೇಕು. ಈ ಗೋಜಲನ್ನು ಅವರೇ ತಮ್ಮ ರೀತಿಯಲ್ಲಿ ಬಿಡಿಸಿಕೊಂಡರು. 337ರಲ್ಲಿ ಅಪ್ಪ ಸತ್ತ ಕೂಡಲೇ ಚಿಕ್ಕಪ್ಪಂದಿರ, ದಾಯಾದಿಗಳ ಕಗ್ಗೊಲೆ. 340ರಲ್ಲಿ ತಮ್ಮನ ರಾಜ್ಯಕ್ಕೆ ನುಗ್ಗಿದ ದೊಡ್ಡವನ ಅಂತ್ಯ. 350ರಲ್ಲಿ ಆ ತಮ್ಮನದೂ. ಅಲ್ಲಿಂದಾಚೆಗೆ ನಾಣ್ಯ ಗುರುತಿಸುವುದು ಎಷ್ಟೋ ಹಗುರ. ಹೀಗೆ ಹೇಳಬಾರದು, ಆದರೆ ನಿಜ.

ಹೆಸರು ಕೈಕೊಟ್ಟಾಗ ಹಿಂಬದಿಯ ಕೆಳಗೆರೆಯ ಅಡಿಯಲ್ಲಿರುವ ಟಂಕಸಾಲೆಯ ಗುರುತು ಹುಡುಕುತ್ತೇನೆ. ‘ಟಿ-ಆರ್’ ಎಂದರೆ ಜರ್ಮನಿಯ ಟ್ರಿಯರ್, ‘ಎಸ್-ಐ-ಎಸ್’ ಎಂದರೆ ಕ್ರೊಯೇಷಿಯದ ಸಿಸಾಕ್, ‘ಎ-ಎನ್-ಟಿ’ ಎಂದರೆ ಆಂಟಿಯೋಕ್. ‘ಕಾನ್’ ಎಂದಿದ್ದರೆ ಕಾನ್‌ಸ್ಟಾಂಟಿನೋಪಲ್ ಎಂದು ಹಿಗ್ಗುವ ಹಾಗಿಲ್ಲ. ಫ್ರಾನ್ಸಿನ ಆರ್ಲ್ ಪಟ್ಟಣಕ್ಕೂ ಆ ಮನೆಯವರು ತಮ್ಮ ಹೆಸರನ್ನೇ ಅಂಟಿಸಿದ್ದರು. ಎಷ್ಟು ಶೀನಂದಿರು ಸ್ವಾಮಿ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 348ರಲ್ಲಿ ಶುರುವಾದ ‘ಫೆಲ್ ಟೆಂಪ್ ರೆಪಾರಾಶಿಯೊ’ ನಾಣ್ಯ. ಸುಖದ ದಿನಗಳು ಮರಳಿ ಬಂದಿವೆ ಎಂದು ಡಂಗುರ ಸಾರುವ ಈ ಬರಹದ ಕೆಳಗಿರುವ ಸುಖ ಇದು: ರೋಮನ್ ಸೈನಿಕನೊಬ್ಬ ಕುದುರೆಯಿಂದ ಉರುಳುತ್ತಿರುವವನನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಬೀಳುವವನ ಭಂಗಿ ನೋಡಿ ವಿದ್ವಾಂಸರು ಇದನ್ನು ವಿಂಗಡಿಸಿದ್ದಾರೆ. ಒಬ್ಬ ಕುದುರೆಯ ಕುತ್ತಿಗೆ ತಬ್ಬಿದ್ದಾನೆ, ಇನ್ನೊಬ್ಬ ಹಿಂದಕ್ಕೆ ಕೈಚಾಚಿ ಬೇಡುತ್ತಿದ್ದಾನೆ, ಮತ್ತೊಬ್ಬ ಆಗಲೇ ನೆಲದ ಮೇಲಿದ್ದಾನೆ. ಈ ಸುಖವನ್ನು ಹತ್ತು ವರ್ಷ ಎಡೆಬಿಡದೆ ಅಚ್ಚು ಹಾಕಿದರು. ಆ ಹತ್ತು ವರ್ಷದಲ್ಲಿ ಒಂದು ದಂಗೆ, ಒಂದು ಅಂತರ್ಯುದ್ಧ. ನಾಣ್ಯವೂ ಅಂಗುಲ ಅಂಗುಲವಾಗಿ ಎನ್ನುವಂತೆ ಕುಗ್ಗಿ, ಕೊನೆಕೊನೆಗೆ ‘ಸುಖ’ ಇದ್ದರೆ ‘ದಿನ’ ಇಲ್ಲ, ಕುದುರೆ ಇದ್ದರೆ ಸೈನಿಕನ ತಲೆ ಇಲ್ಲ.

ಈ ಚಕ್ರವರ್ತಿಗಳ ನಡುವೆ ಮುಖ ನೋಡಿದೊಡನೆ ಗೊತ್ತಾಗುವವನು ಜೂಲಿಯನ್ ಒಬ್ಬನೇ. ಗಡ್ಡ ಬಿಟ್ಟಿದ್ದ. ಅವನ ದೊಡ್ಡ ಕಂಚಿನ ನಾಣ್ಯದ ಮೇಲೆ ಗೂಳಿ ನಿಂತಿದೆ. ಆಂಟಿಯೋಕಿನ ಜನ ಗೂಳಿಯನ್ನೂ ಬಿಡಲಿಲ್ಲ, ಗಡ್ಡವನ್ನೂ ಬಿಡಲಿಲ್ಲ. ಆ ಗಡ್ಡ ಹಗ್ಗ ಹೊಸೆಯಲು ಲಾಯಕ್ಕು ಎಂದರು. ಅವನು ತಲೆ ತೆಗೆಸುವ ಬದಲು, 363ರಲ್ಲಿ ತನ್ನ ಗಡ್ಡವನ್ನೇ ಗೇಲಿಮಾಡಿಕೊಂಡು ಒಂದು ಪುಸ್ತಕ ಬರೆದ. ಚಕ್ರವರ್ತಿಯೊಬ್ಬ ಲಲಿತ ಪ್ರಬಂಧಕ್ಕೆ ಇಷ್ಟು ಹತ್ತಿರ ಬಂದದ್ದು ಅಪರೂಪ. ಅದೇ ವರ್ಷ ಪರ್ಷಿಯದ ದಂಡಯಾತ್ರೆಯಲ್ಲಿ ಸತ್ತುಹೋದ.

ರೋಮಿನ ಕಾಸು ನಮ್ಮ ಕಡೆಗೂ ಬಂದಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ರೋಮನ್ ಹಣ ಬೆಳ್ಳಿಯದು, ಇವರಿಗಿಂತ ಮುನ್ನೂರು ವರ್ಷ ಹಿಂದಿನದು. ಆದರೆ ತಮಿಳುನಾಡಿನ ಕರೂರಿನಲ್ಲಿ, ಅಮರಾವತಿ ಹೊಳೆಯ ಮರಳಿನಲ್ಲಿ, ನನ್ನ ಡಬ್ಬಿಯ ಸರಕೇ ಸಿಕ್ಕಿದೆ. ಮಧುರೆಯಲ್ಲೂ ಸಿಕ್ಕಿದೆ. ಸಿಂಹಳದಲ್ಲಂತೂ ಸಾಲದೆ ಬಂದು, ಅಲ್ಲಿಯವರೇ ನಕಲು ಮಾಡಿಕೊಂಡರು. ಕರೂರಿನ ಕಾಸಿಗೆ ಹೊಳೆಯಾದರೂ ಗೊತ್ತು. ನನ್ನವು ಯಾವ ಹೊಲದವು, ಯಾವ ಹಳ್ಳಿಯವು ಎಂದು ಕೇಳಿದರೆ ಮಾರುವವರು ಚೀಲದ ಜಿಪ್ಪು ಸರಿಮಾಡಿಕೊಳ್ಳುತ್ತಾರೆ. ಊರು ಕಳೆದುಕೊಂಡ ನಾಣ್ಯ ಅರ್ಧ ಮೂಕ. ಪರದೇಶದಲ್ಲಿ ಕೂತು ನಾನು ಅದಕ್ಕೆ ಮರುಗುವುದರಲ್ಲಿ ನನ್ನ ಸ್ವಂತದ್ದೂ ಸ್ವಲ್ಪ ಸೇರಿರಬಹುದು.

ಅತ್ತೆ ಆಮೇಲೆ ತಾವೇ ಭೂತಗನ್ನಡಿ ಹಿಡಿದು ಕೂತರು. ಜೀವಮಾನವೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು; ನನಗೆ ಕಾಣದ ಒಂದು ಅಕ್ಷರವನ್ನು ಗೆರೆಯ ಕೆಳಗಿನಿಂದ ಹೆಕ್ಕಿ ಕೊಟ್ಟರು. ನಾನು ರಾಜರ ಹೆಸರು ಹೇಳಿದ್ದಕ್ಕೆಲ್ಲ “ಹ್ಞೂಂ” ಎಂದರು.

“ಈ ಬೀಳ್ತಿರೋನ ಹೆಸರೇನು?”

“ಅದನ್ನ ಹಾಕಿಲ್ಲ, ಅತ್ತೆ. ಟೋಪಿ ನೋಡಿದ್ರೆ ಪರ್ಷಿಯದವನಿರಬಹುದು.”

“ಕುದುರೇನ ಮಾತ್ರ ಚೆನ್ನಾಗಿ ಮಾಡಿದಾನೆ ಪುಣ್ಯಾತ್ಮ. ಎಷ್ಟು ಕೊಟ್ರಿ?”

“ಎರಡು ಪೌಂಡು.”

ಅತ್ತೆ ಮನಸ್ಸಿನಲ್ಲೇ ರೂಪಾಯಿಗೆ ಇಳಿಸಿದರು. “ಇನ್ನೂರರ ಮೇಲಾಯ್ತಲ್ಲ! ಚೌಕಾಸಿ ಮಾಡಿದ್ರೋ ಇಲ್ವೋ?”