ಎರಡು ತಾರೀಖಿನ ಕೂಸು

ಈ ವಾರ ಹೊಲದ ಸುದ್ದಿ ಕಡಿಮಿ ಅದ. ಮೆಣಸಿನಕಾಯಿ ಅಂಗಳದಾಗ ಒಣಗಾಕ ಹಾಕೀವಿ. ಭತ್ತಕ್ಕ ಎರಡನೇ ಸಲ ಗೊಬ್ಬರ ಆತು. ಕಾಲುವಿ ನೀರು ಚಾಲು-ಬಂದ್ ಪಾಳಿ ಮ್ಯಾಲ ನಡದದ. ಇನ್ನ ಉಳಿದದ್ದು ಮನಿ ಸುದ್ದಿ.

ಹೋದ ವಾರ ಸುರಪುರದಾಗ ನಮ್ಮಾಕಿ ತವರಿನ ಕಡಿಯವರ ಮದುವಿ ಇತ್ತು. ಊಟದ ಪಂಕ್ತಿಯಾಗ ಒಬ್ಬರು ಹಿರಿಯರು, "ಮಗಳಿಗೆ ಎಷ್ಟು ತಿಂಗಳ್ರಿ? ಇನ್ನಾ ನಡಿಯಂಗಿಲ್ಲೇನು?" ಅಂತ ಕೇಳಿದ್ರು. ನಾನು "15" ಅಂದುಬಿಟ್ಟೆ. ಖರೇ ಹೇಳಬೇಕಂದ್ರ 18 ತುಂಬ್ಯಾವ. ನಮ್ಮಾಕಿ ಬಾಜೂಕೇ ಕುಂತಿದ್ದಳು, ಏನೂ ಅನಲಿಲ್ಲ. ಗಾಡಿ ಮ್ಯಾಲ ವಾಪಸ್ ಬರುವಾಗ, ಶಹಾಪುರದ ಬುದ್ಧ ಮಲಗಿದ ಬೆಟ್ಟ ಕಾಣಿಸಿದ ಮ್ಯಾಲ ಕೇಳಿದಳು: "ಆಕಿ ವಯಸ್ಸು ಹೇಳಾಕ ನಿಮಗ ನಾಚಿಕಿ ಬರ್ತದೇನು?" ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕೇ ಇದನ್ನ ಬರೀಲಿಕತ್ತೀನಿ.

ನಮ್ಮ ಮಗಳಿಗೆ ಎರಡು ತಾರೀಖು ಅದಾವ. ಡಾಕ್ಟರ್ ಕೊಟ್ಟ ತಾರೀಖು ನವೆಂಬರ್ 12. ಆಕಿ ಬಂದದ್ದು ಸೆಪ್ಟೆಂಬರ್ 10ಕ್ಕ, 31 ವಾರಕ್ಕ, ಅಂದ್ರ 9 ವಾರ ಮುಂಚೆ. ತೂಕ 1 ಕಿಲೋ 380 ಗ್ರಾಂ. ನಮ್ಮ ಸಂತಿ ತಕ್ಕಡಿಯಾಗ ಒಂದು ಹೂಕೋಸು ಇದಕ್ಕಿಂತ ಹೆಚ್ಚು ತೂಗ್ತದ.

ಯಾಕ ಹಂಗಾತು? ನಮ್ಮಾಕಿಗೆ ಬಿಪಿ ಏರಿತ್ತು. ಅದಕ್ಕೂ 15 ದಿನ ಮುಂಚಿಂದ ಕಾಲು ಬಾತಿದ್ದವು, ತಲಿ ನೋಯ್ತಿತ್ತು. "ಹತ್ತಿ ಹೊಲದಾಗ ಕಳೆ ತಗದು ದಣದೀ, ಮಲಗು" ಅಂತ ನಾನೇ ಹೇಳಿದ್ದೆ. ಕಣ್ಣು ಮಂಜಾಗ್ಯಾವ ಅಂದ ಮ್ಯಾಲ ಕರಕೊಂಡು ಹೋದದ್ದು. ಅಲ್ಲಿ ಕೂಸಿನ ಪುಪ್ಪಸ ಗಟ್ಟಿ ಆಗಲಿ ಅಂತ ಆಕಿಗೆ ಇಂಜೆಕ್ಷನ್ ಹಾಕಿ, ಆಂಬುಲೆನ್ಸಿನಾಗ ಭೀಮಾ ಸೇತುವಿ ದಾಟಿಸಿ ಯಾದಗಿರಿಗೆ ಕಳಿಸಿದ್ರು. ಆಮ್ಯಾಲ ಮಂದಿ ಗ್ರಹಣ ಅಂದ್ರು, ಭಾರ ಎತ್ತಿದಳು ಅಂದ್ರು, ಎಲ್ಲಾ ಆಕಿ ಮ್ಯಾಲೇ ಹಾಕಿದ್ರು. ಬಿಪಿ ನೋಡಿಸದೇ ಇದ್ದದ್ದು ನಾನು ಅಂತ ಯಾರೂ ಅನಲಿಲ್ಲ. ನಿಮ್ಮ ಮನ್ಯಾಗ ಬಸುರಿ ಹೆಣ್ಣುಮಗಳಿದ್ರ, ತಲಿನೋವು, ಬಾವು, ಕಣ್ಣು ಮಂಜು ಅಂದ್ರ ಅದು ದಣಿವು ಅಂತ ತಿಳ್ಕೋಬ್ಯಾಡ್ರಿ. ಅವತ್ತೇ ಬಿಪಿ ನೋಡಿಸ್ರಿ.

24 ದಿನ ಕೂಸು ವಿಶೇಷ ನವಜಾತ ಶಿಶು ಘಟಕದಾಗ ಇತ್ತು. ಮೊದಲ ವಾರ ಮೂಗಿಗೆ ಆಕ್ಸಿಜನ್ ನಳಿಗಿ. ಆಮ್ಯಾಲ ಎದಿ ಮ್ಯಾಲ ಹಾಕ್ಕೋಳೋದು ಕಲಿಸಿದ್ರು. ಅಂಗಿ ತಗದು, ಕೂಸನ್ನ ಬರೇ ಲಂಗೋಟಿ ಟೊಪಿಗಿ ಮ್ಯಾಲ ನಮ್ಮ ಎದಿಗೆ ಚರ್ಮಕ್ಕ ಚರ್ಮ ಹತ್ತಂಗ ಕಟ್ಟಿಕೊಂಡು ತಾಸುಗಟ್ಟಲೆ ಇರೋದು. ಕಾಂಗರೂ ಆರೈಕಿ ಅಂತಾರ. ಕಾಜಿನ ಪೆಟಗಿ ಸಾಕಾಗದೇ ಇದ್ದಾಗ 1970ರ ದಶಕದ ಕೊನಿಗೆ ಕೊಲಂಬಿಯಾ ದೇಶದ ಬೊಗೋಟಾದ ಡಾಕ್ಟರುಗಳು ಶುರು ಮಾಡಿದ್ದು ಇದು. ಕೊಪ್ಪಳ ಜಿಲ್ಲಾದಾಗೂ ಊರೂರಿಗೆ ಇದನ್ನ ಮುಟ್ಟಿಸೋ ಕೆಲಸ ನಡದಿತ್ತು. ಹುಟ್ಟಿದ ಕೂಡಲೇ ಇದನ್ನ ಶುರು ಮಾಡ್ರಿ ಅಂತ 2022ರಾಗ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ಯದ. ಅಪ್ಪನೂ ಮಾಡಬಹುದು. ನಾನು ಮಾಡೀನಿ. ಮೊದಲನೇ ದಿನ ಉಸಿರಾಡಿದ್ರ ಎಲ್ಲಿ ಕೂಸು ಜಾರ್ತದೋ ಅಂತ ನಾನೇ ಉಸಿರು ಹಿಡಕೊಂಡು ಕುಂತಿದ್ದೆ.

ಮನಿಗೆ ಬಂದ ಮೂರನೇ ದಿನ ಕಣ್ಣಿನ ತಪಾಸಣಿ ಇತ್ತು. ಅದೇ ದಿನ ನಮ್ಮ ನೀರಿನ ಪಾಳಿ, ಹತ್ತಿ ಬಿಡಿಸಾಕ ಆಳು ಬ್ಯಾರೆ ಹೇಳಿದ್ದೆ. ಕೂಸು ಪಿಳಿಪಿಳಿ ನೋಡ್ತಿತ್ತು. "ಕಣ್ಣಿಗೇನಾಗ್ಯದ, ಮುಂದಿನ ವಾರ ಹೋದ್ರಾತು" ಅಂದೆ. ಆಶಾ ಅಕ್ಕ ಬಾಗಿಲದಾಗೇ ನಿಂತು ಬೈದಳು. ಅವಸರಕ್ಕ ಹುಟ್ಟಿದ ಕೂಸಿನ ಕಣ್ಣಿನ ಹಿಂದಿನ ಪರದೆಯೊಳಗ ರಕ್ತನಾಳ ಇನ್ನೂ ಪೂರ್ತಿ ಬೆಳದಿರಂಗಿಲ್ಲ. ಹೊರಗ ಬಂದ ಮ್ಯಾಲ ಅವು ಅಡ್ಡಾದಿಡ್ಡಿ ಬೆಳದ್ರ ಪರದೆನೇ ಕಿತ್ತು ದೃಷ್ಟಿ ಹೋಗಬಹುದು. ಹೊರಗಿಂದ ಏನೂ ಕಾಣಂಗಿಲ್ಲ. 34 ವಾರಕ್ಕಿಂತ ಮುಂಚೆ ಹುಟ್ಟಿದ, ಇಲ್ಲಾ 2 ಕಿಲೋಕ್ಕಿಂತ ಕಡಿಮಿ ಇದ್ದ ಕೂಸಿಗೆ 30 ದಿನದೊಳಗ ಈ ತಪಾಸಣಿ ಆಗಲೇಬೇಕು. ಟೈಮಿಗೆ ಸಿಕ್ಕರ ಲೇಸರ್ ಮಾಡಿ ಕಣ್ಣು ಉಳಸ್ತಾರ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್ರಾಪ್ ಅನ್ನೋ ಕೆಲಸ ನಡಸ್ಯಾರ. ಕ್ಯಾಮೆರಾ ಹೊತ್ತುಕೊಂಡು ಜಿಲ್ಲಾ ಊರಿನ ಶಿಶು ಘಟಕಗಳಿಗೇ ಹೋಗಿ ಫೋಟೋ ತಗದು ನೋಡ್ತಾರ, ಕೂಸಿನ ಕಣ್ಣಿಗಾಗಿ ಬಡವರು ಬೆಂಗಳೂರಿಗೆ ಅಲೀಬಾರದು ಅಂತ.

ನೀರಿನ ಪಾಳಿ ತಮ್ಮಗ ಬಿಟ್ಟು ಹೋದ್ವಿ. ಅವತ್ತು "ಇನ್ನೂ ಪೂರ್ತಿ ಬೆಳದಿಲ್ಲ, ಮತ್ತ ಬರ್ರಿ" ಅಂದ್ರು. ಇನ್ನೆರಡು ಸಲ ಹೋದ ಮ್ಯಾಲ "ಚೊಲೋ ಅದಾವ" ಅಂದ್ರು. ಒಂದು ಪಾಳಿ ನೀರಿಗಾಗಿ ನಾನು ಏನು ಕಳಕೋತಿದ್ದೆ ಅಂತ ಈಗೂ ರಾತ್ರಿ ನೆನಪಾಗ್ತದ.

ಈಗಿನ ದಿನದ ಬಾಳೇವು ಹೇಳ್ತೀನಿ. ಎಣ್ಣಿ ಹೊಡದ ದಿನ ನಾನು ಸೀದಾ ಮನಿಯೊಳಗ ಹೋಗಂಗಿಲ್ಲ. ದನದ ಕೊಟ್ಟಗಿ ಹಿಂದ ಸಾಬೂನು ಹಚ್ಚಿ ಮೈ ತೊಳಕೊಂಡು, ಬಟ್ಟಿ ಅಲ್ಲೇ ಬ್ಯಾರೆ ಬಕೀಟಿಗೆ ಹಾಕಿ, ಆಮ್ಯಾಲ ಒಳಗ. ಆಕಿ ಓಡಿಬರಂಗಿಲ್ಲ, ಅಂಬೆಗಾಲಿಟ್ಟು ಹೊಸ್ತಿಲ ತನಕ ಬಂದು ಕೈ ಎತ್ತಿ ಕೂಗ್ತಾಳ. ಮೈ ತೊಳಿಯೋ ತನಕ ಆ ಕೂಗು ಕೇಳ್ಕೋಂತ ನಿಲ್ಲೋದು ಭಾಳ ಕಷ್ಟ ಆಗ್ತದ. ತೊಗರಿ ರಾಶಿ ಈ ಸಲ ಮನಿ ಮುಂದ ಮಾಡಲಿಲ್ಲ, ಹೊಲದಾಗೇ ಮಾಡಿದ್ವಿ. ಹೋದ ಥಂಡಿಯಾಗ ಎದಿ ಗೊರಗೊರ ಅಂದು ಎರಡು ರಾತ್ರಿ ಆಸ್ಪತ್ರಿಯಾಗ ಕಳದೀವಿ, ಅದಕ್ಕೇ ಧೂಳು ಹೊಗಿ ಅಂದ್ರ ಅಂಜಿಕಿ. ಊಟಕ್ಕ ಮೊದಲು ಬ್ಯಾಳಿ ಕಟ್ಟಷ್ಟೇ ಕುಡಸ್ತಿದ್ವಿ. "ನೀರು ಕುಡಿಸಿ ತೂಕ ಏರಲಿ ಅಂದ್ರ ಹೆಂಗ? ಬ್ಯಾಳಿನೇ ಹಿಸುಕಿ, ತುಪ್ಪ ಹಾಕಿ ಕೊಡ್ರಿ" ಅಂದ್ರು. ಈಗ ನಮ್ಮದೇ ತೊಗರಿಬ್ಯಾಳಿ, ಮೆತ್ತಗ ನೆನಸಿದ ಜೋಳದ ರೊಟ್ಟಿ. ಅರ್ಧ ಹೊಟ್ಟಿಗೆ, ಅರ್ಧ ನನ್ನ ಅಂಗಿಗೆ.

ಇನ್ನ ಎರಡು ತಾರೀಖಿನ ಮಾತು. ಸೂಜಿಗೆ ಹುಟ್ಟಿದ ತಾರೀಖೇ ಲೆಕ್ಕ. ಸಣ್ಣದಿತ್ತು, ತಡಾ ಹಾಕಸ್ತೀವಿ ಅನ್ನಂಗಿಲ್ಲ. 16ರಿಂದ 24 ತಿಂಗಳೊಳಗ ಹಾಕಸೋ ದಡಾರದ ಎರಡನೇ ಸೂಜಿ ಮತ್ತ ಡಿಪಿಟಿ ಬೂಸ್ಟರ್ ಈ ತಿಂಗಳೇ ಹಾಕಿಸೀವಿ. ಆದ್ರ ಕೂಡೋದು, ನಿಲ್ಲೋದು, ನಡಿಯೋದು, ಮಾತು, ತೂಕ ನೋಡುವಾಗ ಎರಡು ವರ್ಷದ ತನಕ ಡಾಕ್ಟರ್ ಕೊಟ್ಟ ತಾರೀಖಿಂದ ಎಣಿಸಬೇಕು. ಹಂಗ ಎಣಿಸಿದ್ರ ಆಕಿಗೆ ಈಗ 16 ತಿಂಗಳು.

ನಮ್ಮ ತೊಗರಿನೂ ಹಿಂಗೇ ಅಲ್ಲೇನ್ರಿ? ಜೂನಿನಾಗ ಬಿತ್ತಿದ್ದೂ, ಮಳಿ ಕೈಕೊಟ್ಟು ಜುಲೈ ಕೊನಿಗೆ ಬಿತ್ತಿದ್ದೂ ಹೂವಿಗೆ ಬರೋದು ಹೆಚ್ಚುಕಮ್ಮಿ ಜೋಡೀಲೆ. ಹೂವು ಹಗಲು ಸಣ್ಣದಾಗೋದನ್ನ ನೋಡ್ತದ. ಗಿಡದ ಎತ್ತರ ಮಾತ್ರ ತನ್ನ ಬಿತ್ತನಿ ತಾರೀಖು ಬಿಡಂಗಿಲ್ಲ. ತಡಾ ಬಿತ್ತಿದ ಹೊಲದಾಗ ನಿಂತು "ಗಿಡ ಯಾಕ ಗಿಡ್ಡ ಆಗ್ಯಾದ" ಅಂತ ನಾವು ಯಾರೂ ಬೈಯಂಗಿಲ್ಲ, ಮೊದಲು "ಎಂದು ಬಿತ್ತಿದ್ರಿ?" ಅಂತ ಕೇಳ್ತೀವಿ. ಹೊಲಕ್ಕ ಕೊಡೋ ಈ ಮರ್ಯಾದಿ ಮನಿಯ ಕೂಸಿಗೆ ನಾನು ಕೊಟ್ಟಿರಲಿಲ್ಲ.

ಹಂಗಂತ "ತಾನಾಗೇ ಆಗ್ತದ ಬಿಡು" ಅಂತ ಕುಂದ್ರಂಗೂ ಇಲ್ಲ. ಕೈಕಾಲು ಬಿರುಸಾದ್ರ, ಒಂದೇ ಕಡಿ ಕೈ ಬಳಸಿದ್ರ ಕಾಯದೇ ತೋರಸ್ಬೇಕು. ನಮ್ಮಾಕಿದು ಹಂಗಿಲ್ಲ, ಮಂಚ ಹಿಡದು ಗಟ್ಟಿ ನಿಲ್ತಾಳ, ಅದಕ್ಕ ಲೆಕ್ಕದ 18 ತಿಂಗಳ ತನಕ ನೋಡೋಣು ಅಂದಾರ. ಮೇ 12ಕ್ಕ ಆ ಲೆಕ್ಕ ತುಂಬ್ತದ. ಅಷ್ಟರಾಗ ನಡೀಲಿಲ್ಲಂದ್ರ ಮರುದಿನ ಯಾವ ಪಾಳಿ ಇದ್ರೂ ಬಿಟ್ಟು ಯಾದಗಿರಿಗೆ ಹೋಗೋದು, ಇದನ್ನ ಹೆಂಡತಿ ಮುಂದ ಹೇಳೀನಿ.

ನಿನ್ನಿ ಸಂಜಿ ಮೆಣಸಿನಕಾಯಿ ತಿರುವುವಾಗ ಮಂಚ ಹಿಡಕೊಂಡು ನಾಕು ಹೆಜ್ಜಿ ಸರದಳು. ಕಡೀಕ ಒಂದು ಕೈ ಬಿಟ್ಟಳು. ಇನ್ನೊಂದು ಬಿಡಲಿಲ್ಲ. ನಾನು ಕೈ ಚಾಚಲಿಲ್ಲ, ಕರೀಲಿಲ್ಲ, ಸುಮ್ಮನ ಕುಂತು ನೋಡಿದೆ.

ಇನ್ನ ಯಾರು ಕೇಳಿದ್ರೂ 18 ಅಂತೇ ಹೇಳ್ತೀನಿ. "ಇನ್ನಾ ನಡಿಯಂಗಿಲ್ಲೇನು" ಅಂದ್ರ, 9 ವಾರ ಮುಂಚೆ ಬಂದಾಳ್ರಿ ಅಂತೀನಿ. ನಾಳೆ ಮುಂಜಾನಿ ನಾಕಕ್ಕ ನಮ್ಮ ನೀರಿನ ಪಾಳಿ. ಮುಂದಿನ ವಾರ ಭತ್ತದ ಬಗ್ಗೆ ಬರೀತೀನಿ.