8 ಸಾವಿರ ಜಾಸ್ತಿ ಸಂಬಳ, ಕೈಯಲ್ಲಿ ಉಳಿಯೋದು ಎಷ್ಟು?

ನಮ್ಮ ಚಿಕ್ಕಮ್ಮನ ಮಗ ದಾವಣಗೆರೆಯ ಒಂದು ಖಾಸಗಿ ಫೈನಾನ್ಸ್‌ನಲ್ಲಿ ಲೋನ್ ಆಫೀಸರ್. ಕೈಗೆ ಬರೋದು 24,000. ಬೆಂಗಳೂರಿನ ಜೀವನ್ ಬಿಮಾ ನಗರದ ಬ್ರಾಂಚಿಗೆ ಹೋದರೆ 32,000 ಅಂದರಂತೆ. ಚಿಕ್ಕಮ್ಮ ಅವತ್ತೇ ಬೀದಿಗೆಲ್ಲ ಪೇಡೆ ಹಂಚಿದರು. ಮನೆ ಹುಡುಕೋಕೆ ಅವನ ಜೊತೆ ನಾನೂ ಹೋದೆ.

ಇಂದಿರಾನಗರ ಮೆಟ್ರೋ ಇಳಿದು ಆಟೋ ಹಿಡಿದೆವು. ಎಲ್‌ಐಸಿ ಕಾಲೊನಿಯಿಂದಾಗಿ ಈ ಬಡಾವಣೆಗೆ ಜೀವನ್ ಬಿಮಾ ಅನ್ನೋ ಹೆಸರು. ಅಲ್ಲಿನವರು ಕರೆಯೋದು ಜೆಬಿ ನಗರ ಅಂತ. ಸಂಜೆವರೆಗೆ ತಿರುಗಿದ ಮೇಲೆ ಮೂರನೇ ಮಹಡಿಯಲ್ಲಿ ಒಂದು ರೂಮು, ಹಾಲು, ಅಡುಗೆಮನೆ ಸಿಕ್ಕಿತು. ಬಾಡಿಗೆ 15,000. ಅಡ್ವಾನ್ಸ್ ಹತ್ತು ತಿಂಗಳದ್ದು ಅಂದರು, ಗೋಗರೆದ ಮೇಲೆ ಆರಕ್ಕೆ ಇಳಿದರು. ಅಂದರೆ 90,000. ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಅದು ಇಲ್ಲಿನ ಪದ್ಧತಿ.

ಕೆಳಗಡೆ ಟೀ ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಿದೆವು. ದಾವಣಗೆರೆಯಲ್ಲಿ ಬಾಡಿಗೆ 6,000, ರೇಷನ್ನು, ಹಾಲು, ತರಕಾರಿ, ಮಗುವಿನ ಖರ್ಚು ಸೇರಿ 8,500, ಪೆಟ್ರೋಲು 2,500. ಉಳಿಯೋದು 7,000. ಇಲ್ಲಿ ಬಾಡಿಗೆ, ನೀರು, ಮೇಂಟೆನೆನ್ಸ್ ಸೇರಿ 16,000. ಮನೆಖರ್ಚು 10,500, ಪೆಟ್ರೋಲು 3,000. ಉಳಿಯೋದು 2,500. ಅದೂ 32,000 ಪೂರ್ತಿ ಬಂದರೆ. ಅದರಲ್ಲಿ 4,000 ಇನ್ಸೆಂಟಿವ್. ವಸೂಲಿ ಸರಿಯಾಗದಿದ್ದರೆ ಅದು ಇಲ್ಲ, ಮನೆ ನಡೆಸೋಕೇ 1,500 ಕಡಿಮೆ ಬೀಳುತ್ತದೆ. ಕಂತಿನ ದಿನ ನಮ್ಮ ಬಾಗಿಲಿಗೆ ಬಂದು ಕೂರುವ ಹುಡುಗರ ಅವಸರ ಎಲ್ಲಿಂದ ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

ಸರ್ಕಾರಿ ಬ್ಯಾಂಕಿನ ಆಫೀಸರಿಗೆ ಲೆಕ್ಕ ಬೇರೆ. 2024ರ ಮಾರ್ಚ್‌ನಲ್ಲಿ ಆದ ವೇತನ ಒಪ್ಪಂದದಂತೆ ಹೊಸಬರ ಮೂಲ ವೇತನ 48,480. ದಾವಣಗೆರೆಯಾಗಲಿ, ಬೆಂಗಳೂರಾಗಲಿ ಅಷ್ಟೇ. ತುಟ್ಟಿಭತ್ಯೆಯ ದರವೂ ದೇಶಕ್ಕೆಲ್ಲ ಒಂದೇ. ಊರು ನೋಡಿ ಬದಲಾಗೋದು ಕೆಲವು ಭತ್ಯೆಗಳು ಮಾತ್ರ. ಆದರೆ ಹಲವು ಬ್ಯಾಂಕುಗಳು ತಾವೇ ಮನೆ ಹಿಡಿದು ಒಂದು ಮಿತಿಯವರೆಗೆ ಬಾಡಿಗೆ ಕಟ್ಟುತ್ತವೆ. ನಮ್ಮ ಹುಡುಗನಿಗೆ ಆ ಆಸರೆ ಇಲ್ಲ.

90,000ಕ್ಕೆ ಏನು ಮಾಡ್ತೀಯ ಅಂದೆ. ಫೋನ್ ತೆಗೆದ. ಗಿರಾಕಿಗಳಿಗೆ ಕಂತು ತೋರಿಸುವ ಆ್ಯಪ್‌ನಲ್ಲೇ ಒತ್ತಿದ. ವರ್ಷಕ್ಕೆ ಶೇ. 24 ಬಡ್ಡಿ, ಎರಡು ವರ್ಷ: ತಿಂಗಳಿಗೆ ಸುಮಾರು 4,750 ಕಂತು.

"ಅಣ್ಣಾ, ಈ ಲೆಕ್ಕ ತಗಂಡು ಬೇರೆಯವ್ರು ಬಂದಿದ್ರೆ ನಾನೇ ಸಾಲ ಕೊಡ್ತಿರಲಿಲ್ಲ" ಅಂದ. ನಗಲಿಲ್ಲ.

ಹೆಂಡತಿ ಮಗುವನ್ನು ಊರಲ್ಲೇ ಬಿಟ್ಟು ಪಿಜಿಯಲ್ಲಿ ಇದ್ದರೆ? ಅದನ್ನೂ ನೋಡಿದೆವು. ಊಟ ಸೇರಿ 9,500, ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದುಹೋಗುವ ಖರ್ಚು ಬೇರೆ. ಎರಡು ಮನೆ ಸಾಕಿದಂತೆಯೇ. ಎರಡು ವರ್ಷಕ್ಕೆ ಬ್ರಾಂಚ್ ಮ್ಯಾನೇಜರ್ ಆಗಬಹುದು ಅನ್ನೋ ಆಸೆ ಅವನಿಗೆ. ನಾನು ಬೇಡ ಅನ್ನಲಿಲ್ಲ. ಅಡ್ವಾನ್ಸನ್ನು ಕಂಪನಿಯೇ ಬಡ್ಡಿಯಿಲ್ಲದೆ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳಲಿ, ಅದನ್ನು ಬರವಣಿಗೆಯಲ್ಲಿ ಕೇಳು ಅಂದೆ. ಕೇಳಿದ್ದಾನೆ. ಒಂದನೇ ತಾರೀಖಿನೊಳಗೆ ಅವನು ಹೂಂ ಅಥವಾ ಇಲ್ಲ ಅನ್ನಬೇಕು. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ.